ಪದವಿಯ ನಂತರದ ಕಂತು: ಶಿಕ್ಷಣ ಸಾಲದ ಮರುಪಾವತಿ, ಅದರ ಲೆಕ್ಕ ಮತ್ತು ನ್ಯಾಯ

ಭಾರತದಲ್ಲಿ ಶಿಕ್ಷಣ ಸಾಲದ ಕುರಿತು ನಡೆಯುವ ಚರ್ಚೆಯ ಬಹುಪಾಲು ಸಾಲ ಮಂಜೂರಾಗುವ ದಿನಕ್ಕೇ ನಿಂತುಬಿಡುತ್ತದೆ. ಯಾವ ಬ್ಯಾಂಕು ಎಷ್ಟು ಕೊಡುತ್ತದೆ, ಜಾಮೀನು ಬೇಕೋ ಬೇಡವೋ, ಅರ್ಜಿ ಏಕೆ ತಿರಸ್ಕೃತವಾಯಿತು ಎಂಬ ಪ್ರಶ್ನೆಗಳು ಪತ್ರಿಕೆಗಳ ವಾಚಕರ ವಾಣಿಯಿಂದ ಹಿಡಿದು ಸಂಸತ್ತಿನ ಪ್ರಶ್ನೋತ್ತರ ವೇಳೆಯವರೆಗೂ ಕೇಳಿಬರುತ್ತವೆ. ಪದವಿ ಪಡೆದು ಕಾಲೇಜಿನಿಂದ ಹೊರಬಂದ ಮೇಲೆ ಆ ಸಾಲವನ್ನು ಯಾರು, ಯಾವ ಸಂಪಾದನೆಯಿಂದ, ಎಷ್ಟು ವರ್ಷ ತೀರಿಸುತ್ತಾರೆ ಎಂಬುದು ಮಾತ್ರ ಬ್ಯಾಂಕಿನ ಲೆಕ್ಕಪುಸ್ತಕಕ್ಕೂ ಸಾಲಗಾರನ ಮನೆಯೊಳಗಿನ ಮಾತುಕತೆಗೂ ಬಿಟ್ಟ ವಿಷಯವಾಗಿ ಉಳಿದಿದೆ. ಈ ಉಪನ್ಯಾಸ ಎತ್ತಿಕೊಂಡಿರುವುದು ಈ ಎರಡನೆಯ ಪ್ರಶ್ನೆಯನ್ನು. ಇಲ್ಲಿ ಮಂಡಿಸಲಾಗುವ ವಾದ ಇಷ್ಟು: ಈಗಿನ ವ್ಯವಸ್ಥೆಯಲ್ಲಿ ಮಾಸಿಕ ಕಂತು ಸಾಲದ ಮೊತ್ತ, ಬಡ್ಡಿದರ ಮತ್ತು ಅವಧಿ ಎಂಬ ಮೂರರಿಂದ ನಿರ್ಧಾರವಾಗುತ್ತದೆಯೇ ಹೊರತು ಸಾಲಗಾರನ ಆದಾಯ ಆ ಲೆಕ್ಕದೊಳಗೆ ಬರುವುದೇ ಇಲ್ಲ, ಹೀಗಾಗಿ ಸಂಪಾದನೆ ಅತ್ಯಂತ ಕಡಿಮೆಯೂ ಅನಿಶ್ಚಿತವೂ ಆಗಿರುವ ಮೊದಲ ಕೆಲವು ವರ್ಷಗಳ ಮೇಲೆಯೇ ಹೊರೆ ಬಲವಾಗಿ ಬೀಳುತ್ತದೆ, ಮತ್ತು ಇದನ್ನು ಸರಿಪಡಿಸುವ ದಾರಿಗಳು ಭಾರತದ ಹಳೆಯ ಅನುಭವದಲ್ಲೂ ಬೇರೆ ದೇಶಗಳ ಪ್ರಯೋಗಗಳಲ್ಲೂ ದೊರೆಯುತ್ತವೆ.

ಓದಿಗಾಗಿ ಸಾಲ ಕೊಟ್ಟು, ಓದಿದವರು ದುಡಿಯತೊಡಗಿದ ಮೇಲೆ ಹಿಂದಕ್ಕೆ ಪಡೆಯುವ ಪದ್ಧತಿ ಬ್ಯಾಂಕುಗಳ ಶಿಕ್ಷಣ ಸಾಲಕ್ಕಿಂತ ಬಹಳ ಹಳೆಯದು. ಜಮ್‌ಶೆಟ್‌ಜಿ ಟಾಟಾ 1892ರಲ್ಲಿ ಸ್ಥಾಪಿಸಿದ ದತ್ತಿನಿಧಿ, ಉನ್ನತ ವ್ಯಾಸಂಗಕ್ಕಾಗಿ ವಿದೇಶಕ್ಕೆ ಹೊರಟ ಭಾರತೀಯರಿಗೆ ಸಾಲದ ರೂಪದ ವಿದ್ಯಾರ್ಥಿವೇತನವನ್ನು ನೀಡುತ್ತ ಬಂದಿತು. ತಿಪಟೂರಿನಲ್ಲಿ ಹುಟ್ಟಿ, ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಾಕ್ಟರೇಟ್ ಪಡೆದ ಅಣುವಿಜ್ಞಾನಿ ರಾಜಾ ರಾಮಣ್ಣ ಅದರ ನೆರವು ಪಡೆದವರಲ್ಲೊಬ್ಬರು. ಸ್ವಾತಂತ್ರ್ಯಾನಂತರ ಕೇಂದ್ರ ಸರ್ಕಾರ 1963ರಲ್ಲಿ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನ ಯೋಜನೆಯನ್ನು ಆರಂಭಿಸಿ, ಪ್ರತಿಭೆಯುಳ್ಳ ಬಡ ವಿದ್ಯಾರ್ಥಿಗಳಿಗೆ ಬಡ್ಡಿಯಿಲ್ಲದ ಸಾಲ ಕೊಡತೊಡಗಿತು. ಆ ಯೋಜನೆಯ ಒಂದು ಅಂಶ ಇಂದು ಬಹುತೇಕ ಮರೆತುಹೋಗಿದೆ: ಸಾಲ ಪಡೆದವರು ಅಧ್ಯಾಪನ ವೃತ್ತಿಗೆ ಸೇರಿದರೆ, ಸೇವೆಯ ಒಂದೊಂದು ವರ್ಷಕ್ಕೂ ಸಾಲದ ಹತ್ತನೆಯ ಒಂದು ಭಾಗ ಮನ್ನಾ ಆಗುತ್ತಿತ್ತು, ಅಂದರೆ ಹತ್ತು ವರ್ಷ ಪಾಠ ಹೇಳಿದವರು ಒಂದು ರೂಪಾಯಿಯನ್ನೂ ಕಟ್ಟದೆ ಋಣಮುಕ್ತರಾಗಬಹುದಿತ್ತು. ಸಾಲ ಕೊಟ್ಟ ಇಲಾಖೆಗೆ ಸಾಲಗಾರ ಮುಂದೆ ಎಲ್ಲಿ ದುಡಿಯುತ್ತಾನೆ, ಎಷ್ಟು ಗಳಿಸುತ್ತಾನೆ ಎಂದು ತಿಳಿಯುವ ಸಾಧನವೇ ಇರಲಿಲ್ಲವಾದ್ದರಿಂದ ವಸೂಲಿ ಕುಂಟಿತು, ಯೋಜನೆಯೂ ಮುಂದೆ ನಿಂತುಹೋಯಿತು. ಆದರೆ ಮರುಪಾವತಿಯನ್ನು ಹಣದಿಂದ ಮಾತ್ರವಲ್ಲದೆ ಸೇವೆಯಿಂದಲೂ ಮಾಡಬಹುದೆಂಬ ಅದರ ಕಲ್ಪನೆ ಹಾಗೆ ನಿಂತುಹೋಗಬೇಕಾದದ್ದಾಗಿರಲಿಲ್ಲ.

ಇಂದಿನ ಬ್ಯಾಂಕ್ ಶಿಕ್ಷಣ ಸಾಲದ ಚೌಕಟ್ಟು ಸಿದ್ಧವಾದದ್ದು 2001ರಲ್ಲಿ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯಿರುವ ಕೆನರಾ ಬ್ಯಾಂಕಿನ ಆಗಿನ ಅಧ್ಯಕ್ಷ ಆರ್.ಜೆ. ಕಾಮತ್ ಅವರ ನೇತೃತ್ವದ ಅಧ್ಯಯನ ತಂಡದ ಶಿಫಾರಸಿನ ಮೇಲೆ ಭಾರತೀಯ ಬ್ಯಾಂಕುಗಳ ಸಂಘವು ಮಾದರಿ ಶಿಕ್ಷಣ ಸಾಲ ಯೋಜನೆಯೊಂದನ್ನು ರೂಪಿಸಿತು, ರಿಸರ್ವ್ ಬ್ಯಾಂಕು ಅದನ್ನು ಅನುಸರಿಸುವಂತೆ ವಾಣಿಜ್ಯ ಬ್ಯಾಂಕುಗಳಿಗೆ ಸೂಚಿಸಿತು. ಆ ಕಾಲಘಟ್ಟವನ್ನು ಶುಲ್ಕದ ಚರಿತ್ರೆಯ ಜೊತೆಗಿಟ್ಟು ನೋಡದಿದ್ದರೆ ಅದರ ಅರ್ಥ ಪೂರ್ತಿಯಾಗುವುದಿಲ್ಲ, ಮತ್ತು ಆ ಚರಿತ್ರೆಯ ಮುಖ್ಯ ಅಧ್ಯಾಯಗಳು ಕರ್ನಾಟಕದಲ್ಲೇ ನಡೆದಿವೆ. ಕ್ಯಾಪಿಟೇಶನ್ ಶುಲ್ಕವನ್ನು, ಅಂದರೆ ಸೀಟಿಗಾಗಿ ನಿಗದಿತ ಶುಲ್ಕದ ಮೇಲೆ ಎತ್ತುವ ಹಣವನ್ನು, ನಿಷೇಧಿಸಿ ರಾಜ್ಯವು 1984ರಲ್ಲಿ ಕಾಯ್ದೆ ಮಾಡಿತು. 1992ರಲ್ಲಿ ಮೋಹಿನಿ ಜೈನ್ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಂಥ ವಸೂಲಿ ಸಲ್ಲದೆಂದು ಹೇಳಿತು. 1993ರ ಉನ್ನಿಕೃಷ್ಣನ್ ತೀರ್ಪು ಖಾಸಗಿ ವೃತ್ತಿ ಕಾಲೇಜುಗಳಲ್ಲಿ ಫ್ರೀ ಸೀಟು ಮತ್ತು ಪೇಮೆಂಟ್ ಸೀಟುಗಳ ಏರ್ಪಾಡನ್ನು ತಂದು, ಹೆಚ್ಚು ಕಟ್ಟಿದವರ ಹಣದಿಂದ ಕಡಿಮೆ ಕಟ್ಟುವವರ ಓದು ಸಾಗುವಂತೆ ಮಾಡಿತು. 2002ರ ಅಕ್ಟೋಬರ್ 31ರಂದು ಟಿ.ಎಂ.ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ ಆ ಏರ್ಪಾಡನ್ನು ತೆಗೆದುಹಾಕಿ, ಲಾಭಕೋರತನವೂ ಕ್ಯಾಪಿಟೇಶನ್ನೂ ಇರಕೂಡದೆಂಬ ಷರತ್ತಿನೊಡನೆ, ಅನುದಾನರಹಿತ ಸಂಸ್ಥೆಗಳಿಗೆ ತಮ್ಮ ಶುಲ್ಕವನ್ನು ತಾವೇ ರೂಪಿಸಿಕೊಳ್ಳುವ ಅವಕಾಶವನ್ನು ಕೊಟ್ಟಿತು. ಒಬ್ಬ ವಿದ್ಯಾರ್ಥಿಯ ಓದಿನ ಖರ್ಚನ್ನು ಇನ್ನೊಬ್ಬ ವಿದ್ಯಾರ್ಥಿ ಹೊರುತ್ತಿದ್ದ ವ್ಯವಸ್ಥೆ ಕಾನೂನಿನ ದೃಷ್ಟಿಯಲ್ಲಿ ಸರಿಯೋ ತಪ್ಪೋ, ಅದು ಹೋದ ಮೇಲೆ ಆ ಖರ್ಚನ್ನು ಹೊರಬೇಕಾದವನು ಅದೇ ವಿದ್ಯಾರ್ಥಿ, ಹತ್ತು ವರ್ಷದ ನಂತರದ ಅವನೇ, ಎಂಬಂತಾಯಿತು. ಬ್ಯಾಂಕಿನ ಶಿಕ್ಷಣ ಸಾಲ ಆ ಜಾಗವನ್ನು ತುಂಬಿತು.

ಮಾದರಿ ಯೋಜನೆಯ ಮುಖ್ಯ ನಿಯಮಗಳನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬೇಕು. ವಿದ್ಯಾರ್ಥಿಯ ಜೊತೆಗೆ ತಂದೆ ಅಥವಾ ತಾಯಿ ಸಹಸಾಲಗಾರರಾಗಿ ಸಹಿ ಹಾಕುತ್ತಾರೆ, ಅಂದರೆ ಸಾಲ ತೀರಿಸುವ ಹೊಣೆ ಇಬ್ಬರ ಮೇಲೂ ಸಮನಾಗಿರುತ್ತದೆ. 4 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಆಸ್ತಿಯ ಭದ್ರತೆ ಬೇಡ. ಅದಕ್ಕೂ ಮೇಲ್ಪಟ್ಟು 7.5 ಲಕ್ಷದವರೆಗೆ ಮೂರನೆಯವರ ಜಾಮೀನು, ಅದಕ್ಕಿಂತ ಹೆಚ್ಚಾದರೆ ಮನೆ, ನಿವೇಶನದಂಥ ಆಸ್ತಿಯ ಅಡಮಾನ ಎಂಬುದು ಮೂಲ ಕ್ರಮವಾಗಿತ್ತು. ಓದುವ ಅವಧಿ ಮತ್ತು ಅದರ ಮುಂದಿನ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಈ ವಿರಾಮಕ್ಕೆ ಮೊರಟೋರಿಯಂ ಎಂದು ಹೆಸರು. ವಿರಾಮ ಎಂದರೆ ಬಡ್ಡಿಗೂ ವಿರಾಮ ಎಂದು ತಿಳಿಯುವವರೇ ಹೆಚ್ಚು. ವಾಸ್ತವದಲ್ಲಿ ಆ ಅವಧಿಯುದ್ದಕ್ಕೂ ಸರಳ ಬಡ್ಡಿ ಏರುತ್ತಲೇ ಇರುತ್ತದೆ, ಮತ್ತು ಕಂತು ಆರಂಭವಾಗುವ ದಿನ ಅಲ್ಲಿಯವರೆಗಿನ ಬಡ್ಡಿಯೆಲ್ಲ ಅಸಲಿಗೆ ಸೇರಿ, ಆ ಒಟ್ಟು ಮೊತ್ತದ ಮೇಲೆ ಹೊಸದಾಗಿ ಬಡ್ಡಿ ನಡೆಯುತ್ತದೆ. ಮರುಪಾವತಿಯ ಅವಧಿ 2001ರಲ್ಲಿ 5ರಿಂದ 7 ವರ್ಷ ಇದ್ದದ್ದು, ಮುಂದಿನ ಪರಿಷ್ಕರಣೆಗಳಲ್ಲಿ ಹಿಗ್ಗುತ್ತ ಹೋಗಿ ಈಗ 15 ವರ್ಷಕ್ಕೆ ಬಂದು ನಿಂತಿದೆ. ಶುಲ್ಕ ಏರಿದಾಗ ಸಾಲ ಏರಿತು, ಸಾಲ ಏರಿದಾಗ ಕಂತು ಕೈಗೆಟುಕದಾಯಿತು, ಕಂತನ್ನು ಕೈಗೆಟುಕಿಸಲು ಅವಧಿಯನ್ನು ಎಳೆಯಲಾಯಿತು.

ಈ ಎಳೆತದ ಬೆಲೆಯೇನೆಂಬುದು ಒಂದು ಲೆಕ್ಕವನ್ನು ಸಾಲು ಸಾಲಾಗಿ ಹಾಕಿ ನೋಡಿದರೆ ಮಾತ್ರ ತಿಳಿಯುತ್ತದೆ. ನಾಲ್ಕು ವರ್ಷದ ಎಂಜಿನಿಯರಿಂಗ್ ಓದಿಗೆ ಪ್ರತಿ ವರ್ಷದ ಆರಂಭದಲ್ಲಿ 1 ಲಕ್ಷದಂತೆ ಒಟ್ಟು 4 ಲಕ್ಷ ರೂಪಾಯಿ ಸಾಲ, ಬಡ್ಡಿ ವರ್ಷಕ್ಕೆ ಶೇ. 10 ಎಂದು ಇಟ್ಟುಕೊಳ್ಳಬಹುದು. ಕಂತು ಆರಂಭವಾಗುವುದು ಐದು ವರ್ಷದ ಕೊನೆಗೆ; ಅಷ್ಟರಲ್ಲಿ ಮೊದಲ ಲಕ್ಷಕ್ಕೆ ಐದು ವರ್ಷದ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ನಾಲ್ಕನೆಯದಕ್ಕೆ ಎರಡು ವರ್ಷದ ಬಡ್ಡಿ ಸೇರಿ 1,40,000 ರೂಪಾಯಿ ಆಗಿರುತ್ತದೆ. ಹೀಗೆ 4 ಲಕ್ಷ ಪಡೆದ ವಿದ್ಯಾರ್ಥಿ ಮೊದಲ ಕಂತಿನ ದಿನ 5,40,000 ರೂಪಾಯಿಯ ಸಾಲಗಾರ. ಇದನ್ನು 10 ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 7,136 ರೂಪಾಯಿ, ಕಟ್ಟುವ ಒಟ್ಟು ಹಣ ಸುಮಾರು 8.56 ಲಕ್ಷ, 15 ವರ್ಷಕ್ಕೆ ಎಳೆದರೆ ಕಂತು 5,803ಕ್ಕೆ ಇಳಿಯುತ್ತದೆ, ಒಟ್ಟು ಹಣ 10.45 ಲಕ್ಷಕ್ಕೆ ಏರುತ್ತದೆ. ತಿಂಗಳಿಗೆ 1,300 ರೂಪಾಯಿ ಚಿಲ್ಲರೆಯ ನಿರಾಳಕ್ಕೆ ತೆರುವ ಬೆಲೆ ಹೆಚ್ಚುಕಡಿಮೆ 1.9 ಲಕ್ಷ. 15 ವರ್ಷದ ಸಾಲದ ಮೊದಲ ಕಂತಿನ 5,803ರಲ್ಲಿ 4,500 ರೂಪಾಯಿ ಬಡ್ಡಿಗೇ ಹೋಗಿ ಅಸಲಿಗೆ ಸೇರುವುದು 1,303 ಮಾತ್ರ. ಒಂದು ವರ್ಷ ತಪ್ಪದೆ ಕಟ್ಟಿ ಪಾಸ್‌ಬುಕ್ ತೆರೆದು ನೋಡಿದವರಿಗೆ ಸಾಲ ಕರಗಿದಂತೆಯೇ ಕಾಣದಿರುವುದಕ್ಕೆ, ಬ್ಯಾಂಕಿನವರು ಏನೋ ತಪ್ಪು ಮಾಡಿದ್ದಾರೆಂಬ ಶಂಕೆ ಮೂಡುವುದಕ್ಕೆ ಇದೇ ಕಾರಣ.

ಇದೇ ಲೆಕ್ಕದಲ್ಲಿ ಓದುವಾಗಲೇ ಬಡ್ಡಿಯನ್ನು ಕಟ್ಟುತ್ತ ಹೋದರೆ ಮೊದಲ ವರ್ಷ ತಿಂಗಳಿಗೆ ಸುಮಾರು 833 ರೂಪಾಯಿ, ನಾಲ್ಕನೆಯ ವರ್ಷಕ್ಕೆ ಸುಮಾರು 3,333 ರೂಪಾಯಿ ಬೇಕಾಗುತ್ತದೆ, ಮತ್ತು ಕಂತು ಆರಂಭವಾಗುವಾಗ ಸಾಲ 4 ಲಕ್ಷದಲ್ಲೇ ನಿಂತಿದ್ದು 10 ವರ್ಷದ ಕಂತು 5,286ಕ್ಕೆ ಇಳಿಯುತ್ತದೆ. ಹಾಗೆ ಕಟ್ಟುವವರಿಗೆ ಬಡ್ಡಿಯಲ್ಲಿ ಶೇ. 1ರಷ್ಟು ರಿಯಾಯಿತಿ ಕೊಡಬಹುದೆಂದು ಮಾದರಿ ಯೋಜನೆ ಹೇಳುತ್ತದೆ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು, ವೃತ್ತಿಪರ ಅಥವಾ ತಾಂತ್ರಿಕ ಕೋರ್ಸಿಗೆ ಸೇರಿದವರ ಮೊರಟೋರಿಯಂ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ 2009–10ರಿಂದ ಇದೆ. ಅದರ ನೋಡಲ್ ಬ್ಯಾಂಕೂ ಕೆನರಾ ಬ್ಯಾಂಕೇ. ಮೇಲಿನ ಉದಾಹರಣೆಯಲ್ಲಿ ಈ ಸಹಾಯಧನದ ಬೆಲೆ ಪೂರಾ 1,40,000 ರೂಪಾಯಿ. ಆದಾಯ ಪ್ರಮಾಣಪತ್ರವನ್ನು ಸಕಾಲದಲ್ಲಿ ಶಾಖೆಗೆ ಒಪ್ಪಿಸದೆ, ಶಾಖೆಯವರು ಹಕ್ಕುಕೋರಿಕೆಯನ್ನು ಸಕಾಲದಲ್ಲಿ ಕಳಿಸದೆ ಕೈತಪ್ಪುವುದು ಇಷ್ಟು ದೊಡ್ಡ ಮೊತ್ತವೆಂಬುದನ್ನು ಪ್ರತಿ ಕಾಲೇಜಿನ ಕಚೇರಿಯೂ ಪ್ರವೇಶದ ದಿನವೇ ತಿಳಿಸಿ ಹೇಳಬೇಕಾಗಿತ್ತು. ಓದನ್ನು ನಡುವೆ ಬಿಟ್ಟವರಿಗೆ, ಅನಾರೋಗ್ಯದಂಥ ಕಾರಣವಿಲ್ಲದಿದ್ದರೆ, ಈ ನೆರವಿಲ್ಲ. ಪದವಿಯೂ ಇಲ್ಲದೆ ಸಹಾಯಧನವೂ ಇಲ್ಲದೆ ಪೂರ್ಣ ಬಡ್ಡಿಯೊಡನೆ ಉಳಿಯುವ ಈ ವರ್ಗವೇ ಶಿಕ್ಷಣ ಸಾಲದ ಅತ್ಯಂತ ದುರ್ಬಲ ಸಾಲಗಾರ ವರ್ಗ. ಅವರ ಬಗ್ಗೆ ಯಾವ ಯೋಜನೆಯೂ ಮನಸ್ಸಿಟ್ಟು ಯೋಚಿಸಿಲ್ಲ.

ಕಾಲೇಜು ಬಿಟ್ಟ ಮೊದಲ ಎರಡು ಮೂರು ವರ್ಷಗಳನ್ನು ಹತ್ತಿರದಿಂದ ನೋಡಬೇಕು. ಹಾಸನದಿಂದಲೋ ಕಲಬುರಗಿಯಿಂದಲೋ ಬೆಂಗಳೂರಿಗೆ ಬರುವ ಹೊಸ ಪದವೀಧರನಿಗೆ ದೊಡ್ಡ ಸಾಫ್ಟ್‌ವೇರ್ ಕಂಪನಿಗಳಲ್ಲಿ ಸಿಗುವ ಆರಂಭದ ವೇತನ ಬಹುಕಾಲದಿಂದ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಇದೆ. ಭವಿಷ್ಯ ನಿಧಿ ಮುಂತಾದ ಕಡಿತಗಳು ಕಳೆದು ಕೈಗೆ ಬರುವುದು ತಿಂಗಳಿಗೆ ಇಪ್ಪತ್ತೈದು ಸಾವಿರದಷ್ಟು. ಅದರಲ್ಲಿ ಪಿಜಿಯ ಬಾಡಿಗೆ, ಊಟ, ಓಡಾಟ ಕಳೆದು 7,136 ರೂಪಾಯಿಯ ಕಂತು ಹೊರಡಿಸುವುದೆಂದರೆ ಸಂಬಳದ ಕಾಲುಭಾಗಕ್ಕಿಂತ ಹೆಚ್ಚನ್ನು ತೆಗೆದಿಟ್ಟಂತೆ. ಇದು ಕ್ಯಾಂಪಸ್ ಆಯ್ಕೆಯಲ್ಲಿ ಕೆಲಸ ಸಿಕ್ಕಿದವರ ಮಾತು. ಬ್ಯಾಕ್‌ಲಾಗ್ ಉಳಿಸಿಕೊಂಡು ಇನ್ನೊಂದು ವರ್ಷ ಕಳೆದವರು, ಕೆಪಿಎಸ್‌ಸಿ ಅಧಿಸೂಚನೆಗಾಗಿ ಧಾರವಾಡದ ಕೋಚಿಂಗ್ ಕೇಂದ್ರಗಳಲ್ಲಿ ಕಾಯುವವರು, ಓದಿದ ವಿಷಯಕ್ಕೆ ಸಂಬಂಧವಿಲ್ಲದ ಕೆಲಸದಲ್ಲಿ ಹತ್ತು ಹದಿನೈದು ಸಾವಿರಕ್ಕೆ ಸೇರಿದವರು ಇವರೆಲ್ಲರಿಗೂ ಮೊರಟೋರಿಯಂ ಮುಗಿಯುವ ತಾರೀಕು ಒಂದೇ. ಆಗ ಕಂತು ಕಟ್ಟುವವರು ಸಹಿ ಹಾಕಿದ ತಂದೆ ತಾಯಿ. ಅಡಿಕೆಯ ಹಣದಿಂದ, ಡೇರಿಗೆ ಹಾಕಿದ ಹಾಲಿನ ಬಟವಾಡೆಯಿಂದ, ನಿವೃತ್ತಿಯ ಗ್ರಾಚ್ಯುಟಿಯಿಂದ ಮಗನ ಕಂತು ಹೋಗುತ್ತಿರುವ ಮನೆಗಳಲ್ಲಿ ಶಿಕ್ಷಣ ಸಾಲವೆಂಬುದು ವಿದ್ಯಾರ್ಥಿಯ ಭವಿಷ್ಯದ ಗಳಿಕೆಯ ಮೇಲಿನ ಸಾಲವಾಗಿ ಉಳಿದಿಲ್ಲ, ಹೆತ್ತವರ ಇಳಿವಯಸ್ಸಿನ ಮೇಲಿನ ಸಾಲವಾಗಿದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇದಕ್ಕೆ ಮತ್ತೊಂದು ಮುಖವಿದೆ. ನರ್ಸಿಂಗ್ ಅಥವಾ ಎಂಜಿನಿಯರಿಂಗ್ ಓದಲು ಮಗಳ ಹೆಸರಿನಲ್ಲಿ ತೆಗೆದ ಸಾಲ ಮದುವೆಯ ಮಾತುಕತೆಯ ಹೊತ್ತಿಗೆ ಬಾಕಿಯಿದ್ದರೆ ಅದನ್ನು ಹೇಳಬೇಕೇ ಮುಚ್ಚಿಡಬೇಕೇ ಎಂಬ ಆತಂಕ ತವರಿಗೆ. ಮದುವೆಯ ನಂತರ ಅವಳ ಸಂಬಳದಿಂದ ತವರಿನ ಶಾಖೆಗೆ ಕಂತು ಹೋಗುವುದನ್ನು ಎಲ್ಲ ಮನೆಗಳೂ ಸಹಜವೆಂದು ಒಪ್ಪುವುದಿಲ್ಲ. ಹೆರಿಗೆಯ ಸಲುವಾಗಿ ಕೆಲಸ ಬಿಟ್ಟರೆ ಕಂತು ಮತ್ತೆ ತಂದೆಯ ಹೆಗಲಿಗೆ. ಸಾಲದ ಕರಾರುಪತ್ರದಲ್ಲಿ ಇಂಥ ಯಾವ ಸಂದರ್ಭಕ್ಕೂ ಒಂದು ಸಾಲಿನ ಜಾಗವೂ ಇಲ್ಲ.

ಕಂತು ತಪ್ಪಿದಾಗ ಆಗುವುದೇನು ಎಂಬುದನ್ನು ಸ್ಪಷ್ಟವಾಗಿ ತಿಳಿಯಬೇಕು, ಏಕೆಂದರೆ ಅರ್ಧ ತಿಳಿವಳಿಕೆಯಿಂದ ಹುಟ್ಟುವ ಭಯ ಬ್ಯಾಂಕಿನ ನೋಟಿಸಿಗಿಂತ ಹೆಚ್ಚು ಹಾನಿ ಮಾಡುತ್ತದೆ. ಕಟ್ಟಬೇಕಾದ ಹಣ 90 ದಿನ ಮೀರಿ ಬಾಕಿಯಾದರೆ ಆ ಖಾತೆ ಎನ್‌ಪಿಎ, ಅಂದರೆ ಬ್ಯಾಂಕಿಗೆ ಆದಾಯ ತಾರದ ಅನುತ್ಪಾದಕ ಆಸ್ತಿ, ಎಂದು ವರ್ಗೀಕರಣಗೊಳ್ಳುತ್ತದೆ. ಸಾಲದ ಮಾಹಿತಿಯನ್ನು ಕಲೆಹಾಕುವ ಸಿಬಿಲ್‌ನಂಥ ಕಂಪನಿಗಳಿಗೆ ಈ ಸುಸ್ತಿ ವರದಿಯಾಗಿ, 300ರಿಂದ 900ರವರೆಗಿನ ಅಂಕದಲ್ಲಿ ಸಾಲಗಾರನ ಸ್ಥಾನ ಕುಸಿಯುತ್ತದೆ. ಸಹಿ ಹಾಕಿದ ತಂದೆಯ ಅಂಕವೂ ಕುಸಿದು, ಮನೆ ಸಾಲಕ್ಕೋ ಟ್ರ್ಯಾಕ್ಟರ್ ಸಾಲಕ್ಕೋ ಹೋದಾಗ ಅಡ್ಡಿಯಾಗುತ್ತದೆ. 2015ರಿಂದ ಜಾರಿಯಲ್ಲಿರುವ ಸಾಲ ಖಾತರಿ ನಿಧಿ 7.5 ಲಕ್ಷದವರೆಗಿನ ಸಾಲದಲ್ಲಿ ಸುಸ್ತಿಯಾದ ಮೊತ್ತದ ಶೇ. 75ರಷ್ಟನ್ನು ಬ್ಯಾಂಕಿಗೆ ತುಂಬಿಕೊಡುತ್ತದೆಯಾದರೂ, ಅದು ಬ್ಯಾಂಕಿಗಿರುವ ರಕ್ಷಣೆ. ಸಾಲಗಾರನ ಹೊಣೆ ಅದರಿಂದ ಒಂದಿಷ್ಟೂ ತಗ್ಗುವುದಿಲ್ಲ. ಸಾಲ ತೀರಿಸಲಾಗದಿರುವುದು ಅಪರಾಧವಲ್ಲ, ಅದು ಸಿವಿಲ್ ಸ್ವರೂಪದ ಬಾಧ್ಯತೆ. ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡಕೂಡದು, ಬೆದರಿಸಕೂಡದು ಎಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲಿ ಖಚಿತವಾಗಿ ಹೇಳಿದೆ. ನಿರುದ್ಯೋಗ ಅಥವಾ ಅರೆ ಉದ್ಯೋಗದ ಅವಧಿಗಳಲ್ಲಿ, ಸಾಲದ ಆಯುಷ್ಯದಲ್ಲಿ ಎರಡು ಮೂರು ಬಾರಿ, ಮತ್ತೆ ಮೊರಟೋರಿಯಂ ಕೊಡಬಹುದೆಂಬ ಅಂಶ ಪರಿಷ್ಕೃತ ಮಾದರಿ ಯೋಜನೆಯಲ್ಲೇ ಇದೆ. ಅದನ್ನು ಕೇಳಿ ಪಡೆಯಬೇಕಾದ ಸಮಯ ಕಂತು ತಪ್ಪುವ ಮೊದಲಿನದು. ಲಿಖಿತ ಅರ್ಜಿಯನ್ನು ಶಾಖೆಗೆ ಕೊಟ್ಟು ಸ್ವೀಕೃತಿ ಪಡೆದುಕೊಂಡವನ ಸ್ಥಿತಿಗೂ, ಬ್ಯಾಂಕಿನ ಕರೆ ಬಂದಾಗಲೆಲ್ಲ ಫೋನು ಎತ್ತದೆ ನಂಬರು ಬದಲಾಯಿಸಿದವನ ಸ್ಥಿತಿಗೂ ಕಾನೂನಿನ ಕಣ್ಣಿನಲ್ಲಿ ಬಹಳ ಅಂತರವಿದೆ. ಪ್ರಕರಣ ಮುಂದುವರಿದು ಲೋಕ ಅದಾಲತಿನಲ್ಲಿ ರಾಜಿಯಾಗಿ ಏಕಕಾಲಿಕ ತೀರುವಳಿ ಮಾಡಿಕೊಂಡರೆ ಬಡ್ಡಿಯಲ್ಲಿ ಬಿಡುವು ಸಿಗಬಹುದು, ಆದರೆ ಪೂರ್ತಿ ಕಟ್ಟದೆ ರಾಜಿಯಾದ ಸಾಲವೆಂಬ ಷರಾ ಸಿಬಿಲ್ ದಾಖಲೆಯಲ್ಲಿ ಉಳಿಯುತ್ತದೆಂಬುದನ್ನು ಅರಿತೇ ಸಹಿ ಹಾಕಬೇಕು.

ಕ್ರಮವಾಗಿ ಕಟ್ಟುವವರಿಗೆ ಇರುವ ಅನುಕೂಲಗಳನ್ನು ಚುಟುಕಾಗಿ ಹೇಳಬಹುದು. ಬದಲಾಗುವ ಬಡ್ಡಿದರದ ಸಾಲವನ್ನು ವ್ಯಕ್ತಿಗಳು ಅವಧಿಗೆ ಮೊದಲೇ ತೀರಿಸಿದರೆ ದಂಡ ವಿಧಿಸಕೂಡದೆಂಬ ನಿಯಮ 2014ರಿಂದ ಇದೆ. ಬೋನಸ್ಸಿನಲ್ಲೋ ಸಂಬಳ ಏರಿದಾಗಲೋ ಹೆಚ್ಚುವರಿಯಾಗಿ ಕಟ್ಟುವ ಹಣ ನೇರ ಅಸಲಿಗೆ ಸೇರಿ, ಮುಂದಿನ ಎಷ್ಟೋ ತಿಂಗಳ ಬಡ್ಡಿಯನ್ನು ಉಳಿಸುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ 80ಇ ಕಲಮು ಎಂಟು ವರ್ಷದವರೆಗೆ ಬಡ್ಡಿಯ ಮೊತ್ತಕ್ಕೆ ತೆರಿಗೆಗೊಳಪಡುವ ಆದಾಯದಲ್ಲಿ ಕೊಡುತ್ತಿದ್ದ ಕಡಿತ, ಹೊಸ ತೆರಿಗೆ ಪದ್ಧತಿಯಲ್ಲಿದ್ದವರಿಗೆ ಸಿಗುತ್ತಿರಲಿಲ್ಲ; ಸಂಬಳ ಕಡಿಮೆಯಿದ್ದು ತೆರಿಗೆಯೇ ಇಲ್ಲದವರಿಗಂತೂ ಅದರಿಂದ ಏನೂ ದಕ್ಕುತ್ತಿರಲಿಲ್ಲ. ಸಾಲ ತೀರಿದ ಮೇಲೆ ಬೇಬಾಕಿ ಪತ್ರ ಪಡೆಯಬೇಕು. ಅಡಮಾನವಿಟ್ಟ ಆಸ್ತಿಯ ಮೂಲ ದಾಖಲೆಗಳನ್ನು 30 ದಿನದೊಳಗೆ ಹಿಂದಿರುಗಿಸದ ಬ್ಯಾಂಕು, ತಪ್ಪು ತನ್ನದಾಗಿದ್ದರೆ, ತಡವಾದ ಪ್ರತಿ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರಲ್ಲಿ ವಿಧಿಸಿದೆ.

ಇನ್ನು ಮೂಲ ಪ್ರಶ್ನೆಗೆ ಬರಬಹುದು. ಆದಾಯಕ್ಕೆ ಅನುಗುಣವಾಗಿ ಮರುಪಾವತಿ ಎಂಬ ವಿಚಾರವನ್ನು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1955ರಲ್ಲೇ ಬರೆದಿದ್ದರೂ, ಅದನ್ನು ಇಡೀ ದೇಶದ ಮಟ್ಟದಲ್ಲಿ ಮೊದಲು ಕಾರ್ಯರೂಪಕ್ಕೆ ತಂದದ್ದು 1989ರಲ್ಲಿ ಆಸ್ಟ್ರೇಲಿಯ. ಅಲ್ಲಿ ಪದವೀಧರನ ವಾರ್ಷಿಕ ಆದಾಯ ಒಂದು ಮಿತಿಯನ್ನು ದಾಟುವವರೆಗೆ ಏನೂ ಕಟ್ಟಬೇಕಾಗಿಲ್ಲ, ದಾಟಿದ ಮೇಲೆ ತೆರಿಗೆಯೊಡನೆಯೇ ಕಂತು ಮುರಿಯಲ್ಪಡುತ್ತದೆ. ಕೆಲಸ ಹೋದರೆ ಕಂತು ತಾನಾಗಿ ನಿಲ್ಲುತ್ತದೆ, ಯಾರಿಗೂ ಅರ್ಜಿ ಹಾಕಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ 2023ರಿಂದ ಓದಿಗೆ ಸೇರಿದವರು 25,000 ಪೌಂಡ್ ಮೀರಿದ ಆದಾಯದ ಶೇ. 9ರಷ್ಟನ್ನು ಕಟ್ಟುತ್ತಾರೆ, 40 ವರ್ಷದ ನಂತರ ಉಳಿದದ್ದು ಮನ್ನಾ ಆಗುತ್ತದೆ. ಈ ವ್ಯವಸ್ಥೆಗಳಲ್ಲಿ ದೋಷವಿಲ್ಲವೆಂದಲ್ಲ. ಆಸ್ಟ್ರೇಲಿಯದಲ್ಲಿ ಸಾಲದ ಮೊತ್ತ ಬೆಲೆಯೇರಿಕೆಗೆ ತಕ್ಕಂತೆ ಹಿಗ್ಗುವ ನಿಯಮವಿದ್ದುದರಿಂದ 2023ರಲ್ಲಿ ಒಂದೇ ಏಟಿಗೆ ಶೇ. 7.1ರಷ್ಟು ಏರಿ, ಕಟ್ಟಿದ್ದಕ್ಕಿಂತ ಬಾಕಿಯೇ ಬೆಳೆದದ್ದನ್ನು ಕಂಡ ಪದವೀಧರರ ಅಸಮಾಧಾನ ರಾಜಕೀಯ ಪ್ರಶ್ನೆಯಾಯಿತು. 2025ರಲ್ಲಿ ಸರ್ಕಾರ ಬಾಕಿಯನ್ನು ಶೇ. 20ರಷ್ಟು ಕಡಿತ ಮಾಡಿ, ಕಂತಿನ ಆದಾಯ ಮಿತಿಯನ್ನು 67,000 ಡಾಲರಿಗೆ ಏರಿಸಿತು. ಇಂಗ್ಲೆಂಡಿನ 40 ವರ್ಷವಂತೂ ದುಡಿಮೆಯ ಆಯುಷ್ಯದಷ್ಟೇ ಉದ್ದ. ಆದರೂ ದುಡಿಮೆ ಇಲ್ಲದ ತಿಂಗಳಲ್ಲಿ ಕಂತು ಇಲ್ಲ ಎಂಬ ಒಂದು ಗುಣ ಮಿಕ್ಕ ದೋಷಗಳನ್ನೆಲ್ಲ ಮೀರಿಸುವಂಥದು.

ಭಾರತದಲ್ಲಿ ಇದು ಆಗದ ಮಾತೆಂದು ವಾದಿಸುವವರು ಅಸಂಘಟಿತ ವಲಯದ ಆದಾಯವನ್ನು ಅಳೆಯುವುದು ಹೇಗೆಂದು ಕೇಳುತ್ತಾರೆ, ಆ ಆಕ್ಷೇಪ ಹಗುರವಾದದ್ದಲ್ಲ. ಆದರೆ 1963ರ ಯೋಜನೆಗೆ ಇಲ್ಲದ ಸಾಧನಗಳು ಈಗ ಇವೆ: ಭವಿಷ್ಯ ನಿಧಿಯ ಖಾತೆ, ಪ್ಯಾನ್, ಸಂಬಳದಲ್ಲೇ ತೆರಿಗೆ ಮುರಿಯುವ ಕ್ರಮ ಇವುಗಳ ಮೂಲಕ ಸಂಬಳದಾರ ಪದವೀಧರರ ಆದಾಯ ಸರ್ಕಾರಕ್ಕೆ ಗೊತ್ತೇ ಇರುತ್ತದೆ. ಸಂಬಳ ಬೆಳೆದಂತೆ ಕಂತೂ ಬೆಳೆಯುವ ಏರುಕಂತಿನ ವ್ಯವಸ್ಥೆಯನ್ನಂತೂ ತೆರಿಗೆ ಇಲಾಖೆಯ ಹಂಗಿಲ್ಲದೆ ಬ್ಯಾಂಕುಗಳೇ ಮಾಡಬಹುದು. 2024ರ ನವೆಂಬರ್ 6ರಂದು ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ, ಆರಂಭದಲ್ಲಿ 860 ಇದ್ದ ಆಯ್ದ ಉನ್ನತ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಆಸ್ತಿಯ ಭದ್ರತೆಯೂ ಜಾಮೀನುದಾರರೂ ಇಲ್ಲದ ಸಾಲವನ್ನೂ, 8 ಲಕ್ಷದೊಳಗಿನ ಆದಾಯದ ಕುಟುಂಬಗಳಿಗೆ 10 ಲಕ್ಷದವರೆಗಿನ ಸಾಲದ ಮೇಲೆ ಮೊರಟೋರಿಯಂ ಅವಧಿಯಲ್ಲಿ ಶೇ. 3ರ ಬಡ್ಡಿ ರಿಯಾಯಿತಿಯನ್ನೂ ಕೊಡುತ್ತದೆ. ಸಾಲ ಸಿಗುವ ಬಾಗಿಲನ್ನು ಅದು ಅಗಲಗೊಳಿಸಿದೆ, ಅದಕ್ಕೆ ಸಂತೋಷಪಡಬೇಕು. ಆದರೆ ಅದರ ನೆರವು ಮುಗಿಯುವುದು ಕಂತು ಆರಂಭವಾಗುವ ಹೊತ್ತಿಗೇ, ಮತ್ತು ಉತ್ತಮ ಸಂಸ್ಥೆಗಳಲ್ಲಿ ಓದಿ ಉತ್ತಮ ಸಂಬಳಕ್ಕೆ ಹೋಗುವ ಸಂಭವವಿರುವವರಿಗೇ ಅದು ಮುಖ್ಯವಾಗಿ ಸಲ್ಲುತ್ತದೆ. ತಾಲ್ಲೂಕು ಕೇಂದ್ರದ ಸಾಮಾನ್ಯ ಕಾಲೇಜಿನಲ್ಲಿ ಓದಿದವರ ಮರುಪಾವತಿಯ ಕಷ್ಟಕ್ಕೆ ಅದರಲ್ಲಿ ಉತ್ತರವಿಲ್ಲ.

ಕರ್ನಾಟಕದ ಮಟ್ಟಿಗೆ ಎರಡು ಕೆಲಸಗಳು ರಾಜ್ಯದ ಕೈಯಲ್ಲೇ ಇವೆ. ಹಿಂದುಳಿದ ವರ್ಗಗಳ ಮತ್ತು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳು ಶೇ. 2ರ ದರದಲ್ಲಿ ಕೊಡುತ್ತಿರುವ ಅರಿವು ಎಂಬ ಶಿಕ್ಷಣ ಸಾಲಕ್ಕೆ ರಾಜ್ಯವೇ ಸಾಲದಾತ. ಆದ್ದರಿಂದ ಇಂತಿಷ್ಟು ಸಂಬಳ ದಾಟುವವರೆಗೆ ಕಂತಿಲ್ಲ ಎಂಬ ನಿಯಮವನ್ನು ಯಾವ ಬ್ಯಾಂಕಿನ ಒಪ್ಪಿಗೆಯೂ ಇಲ್ಲದೆ ಅಲ್ಲಿ ಮೊದಲು ಪರೀಕ್ಷಿಸಿ ನೋಡಬಹುದು. ಎರಡನೆಯದು ಸೇವೆಯ ಮಾತು. ವೈದ್ಯಕೀಯ ವ್ಯಾಸಂಗ ಮುಗಿಸಿದವರು ಕಡ್ಡಾಯವಾಗಿ ಸರ್ಕಾರಿ ಸೇವೆ ಮಾಡಬೇಕೆಂದು ರಾಜ್ಯ 2012ರ ಕಾಯ್ದೆಯಲ್ಲಿ ವಿಧಿಸಿತ್ತು. ಆ ಸೇವೆಗೂ ಅದೇ ತರುಣ ವೈದ್ಯರ ಶಿಕ್ಷಣ ಸಾಲಕ್ಕೂ ಯಾವ ಕೊಂಡಿಯನ್ನೂ ಹಾಕಿಲ್ಲ. ಯಾದಗಿರಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಕೊಡಗಿನ ಸರ್ಕಾರಿ ಪ್ರೌಢಶಾಲೆಯಲ್ಲೋ ಕಳೆಯುವ ಪ್ರತಿ ವರ್ಷಕ್ಕೆ ಸಾಲದ ಹತ್ತನೆಯ ಒಂದು ಭಾಗವನ್ನು ಸರ್ಕಾರ ಬ್ಯಾಂಕಿಗೆ ತುಂಬಿದರೆ, ಶಿಕ್ಷಕರಿಗೆಂದು 1963ರಲ್ಲಿ ಒಪ್ಪಿಕೊಂಡಿದ್ದ ತತ್ತ್ವವೇ ವೈದ್ಯರಿಗೂ ದಾದಿಯರಿಗೂ ವಿಸ್ತರಿಸಿದಂತಾಗುತ್ತದೆ, ಮತ್ತು ವರ್ಷಗಟ್ಟಲೆ ಖಾಲಿ ಬಿದ್ದಿರುವ ಹುದ್ದೆಗಳಿಗೆ ಆದೇಶದ ಬಲವಿಲ್ಲದೆಯೂ ಅರ್ಜಿಗಳು ಬರುತ್ತವೆ.